ಪೂಜೆಗೆ ಮುಂಚಿನ ಚಹಾ

ನನ್ನ ಅತ್ತೆಗೆ ಹಾಕಿದ್ದ ಹೊಸ ಸೊಂಟದ ಕೀಲನ್ನು ಜಾರಿಸಿದವಳು ನಾನು. ಇದನ್ನು ಹೀಗೆ ಒಂದೇ ಸಾಲಿನಲ್ಲಿ ಬಾಯಿಬಿಟ್ಟು ಹೇಳುವುದಕ್ಕೆ ನನಗೆ ನಾಲ್ಕು ವರ್ಷ ಬೇಕಾಯಿತು. ಬರೆಯುವುದಕ್ಕೆ ಇನ್ನೂ ಹೆಚ್ಚು. ಆ ನಾಲ್ಕು ವರ್ಷ ನಮ್ಮ ಮನೆಯವರು, ಬೀಗರು, ಓಣಿಯವರು ಎಲ್ಲರೂ ಅದು ಅತ್ತೆಯದೇ ತಪ್ಪು ಎಂದು ನಂಬಿದ್ದರು. ಹಾಗೆ ನಂಬಿಸಿದವಳೂ ನಾನೇ.

ನಾನು ಬೀದರ ಜಿಲ್ಲೆಯವಳು, ಮದುವೆಯಾಗಿ ಗಡಿಯಾಚೆಯ ಈ ಮರಾಠಿ ಸೀಮೆಗೆ ಬಂದೆ. ಗಂಡನ ಮನೆಯವರು ಔರಾದ ಶಹಾಜನಿ ಹತ್ತಿರದ ಒಂದು ಹಳ್ಳಿಯ ಲಿಂಗವಂತರು, ತಲೆತಲಾಂತರದ ಹೊಲಮನೆ ಇದ್ದವರು. ನಮ್ಮವರು ನಿಲಂಗಾದಲ್ಲಿ ಬೀಜ ಗೊಬ್ಬರದ ಅಂಗಡಿ ತೆರೆದ ಮೇಲೆ ಅತ್ತೆಯೂ ಹೊಲವನ್ನು ಪಾಲಿಗೆ ಕೊಟ್ಟು ನಮ್ಮ ಜೊತೆ ಬಂದರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಅತ್ತೆ ಮಾತ್ರ ಒಳಗೂ ಹೊರಗೂ ಎರಡನ್ನೂ ಕಲಸಿಯೇ ಬಡಿಸುವವರು.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಬೆಳಿಗ್ಗೆ ಲಿಂಗಪೂಜೆ ಆಗುವ ತನಕ ಅತ್ತೆ ಒಂದು ಹನಿ ನೀರು ಮುಟ್ಟುತ್ತಿರಲಿಲ್ಲ. ಅವರು ಮುಟ್ಟುವ ಮೊದಲು ಸೊಸೆ ಮುಟ್ಟುವಂತಿರಲಿಲ್ಲ. ಯಾರೂ ನನಗೆ ಇದನ್ನು ಕೂರಿಸಿಕೊಂಡು ಹೇಳಿದ್ದಲ್ಲ. ಬಂದ ಮೊದಲ ವಾರದಲ್ಲೇ ಗೊತ್ತಾಯಿತು. ನನಗೋ ಚಹಾ ಬೀಳದೆ ಕಣ್ಣೇ ತೆರೆಯುವುದಿಲ್ಲ. ತಲೆ ಸಿಡಿಯುತ್ತದೆ, ಎದುರಿಗೆ ಸಿಕ್ಕವರ ಮೇಲೆ ಹರಿಹಾಯುತ್ತೇನೆ. ಅದಕ್ಕೇ ಒಂದು ದಾರಿ ಹುಡುಕಿಕೊಂಡಿದ್ದೆ. ಅತ್ತೆ ಪಡಸಾಲೆಯಲ್ಲಿ ವಿಭೂತಿ ತೇಯುವ ಹೊತ್ತಿಗೆ ನಾನು ಒಲೆಯ ಮುಂದೆ ನಿಂತು, ಸಕ್ಕರೆ ಸರಿಯಾಗಿದೆಯೋ ಇಲ್ಲವೋ ನೋಡುವ ನೆಪದಲ್ಲಿ, ಬಸಿಗೆ ಸುರಿದುಕೊಂಡು ಅರ್ಧ ಕಪ್ಪು ಹೀರಿಬಿಡುತ್ತಿದ್ದೆ. ಆಮೇಲೆ ಬಸಿ ತೊಳೆದು ಗೂಡಿನಲ್ಲಿಟ್ಟು, ಉಪವಾಸ ಇದ್ದವಳ ಮುಖ ಮಾಡಿಕೊಂಡು ಹೊರಗೆ ಬರುತ್ತಿದ್ದೆ. ಇಪ್ಪತ್ತು ವರ್ಷ ಹೀಗೇ ನಡೆಯಿತು. ಯಾರಿಗೂ ಗೊತ್ತಿಲ್ಲ ಎಂದೇ ತಿಳಿದಿದ್ದೆ.

ಅತ್ತೆಯ ಎಡ ಸೊಂಟ ಕೆಟ್ಟಿದ್ದು ಈ ಸೀಮೆಯ ಊರೂರನ್ನೇ ಕೆಡವಿದ ಭೂಕಂಪದಲ್ಲಿ. ಆಗ ನನ್ನ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ತವರಿಗೆ ಹೋಗಿದ್ದೆ. ಹಳ್ಳಿಯ ಮನೆಯ ಕಲ್ಲುಮಣ್ಣಿನ ಗೋಡೆ ಕುಸಿದು ಒಂದು ದೊಡ್ಡ ಕಲ್ಲು ಅವರ ಸೊಂಟದ ಮೇಲೆ ಬಿತ್ತು. ಪರಿಹಾರದ ಡೇರೆಯಲ್ಲಿದ್ದ ಡಾಕ್ಟರು ಎಕ್ಸ್‌ರೇಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರೆ, ಅತ್ತೆ ಅದನ್ನು ಮಡಿಚಿ ಸೆರಗಿಗೆ ಕಟ್ಟಿಕೊಂಡರು. ಸುತ್ತಲೂ ಹೆಣ ಸಾಲಾಗಿ ಮಲಗಿಸಿದ್ದರು, ಅದರ ನಡುವೆ ನನ್ನ ಸೊಂಟ ಹಿಡಿದುಕೊಂಡು ಎಲ್ಲಿಗೆ ಹೋಗಲಿ ಎಂದು ಆಮೇಲೆ ಹೇಳುತ್ತಿದ್ದರು. ಎಲುಬು ಕಟ್ಟುವವನೊಬ್ಬ ಬಂದು ಕಟ್ಟಿದ, ಅದು ಹೇಗೋ ಕೂಡಿಕೊಂಡಿತು. ಇಪ್ಪತ್ತು ವರ್ಷ ಅವರು ಕುಂಟುತ್ತಲೇ ಹೊಲದ ಉಸ್ತುವಾರಿ ನೋಡಿದರು, ಮಗಳ ಮದುವೆ ಮಾಡಿದರು, ಮೊಮ್ಮಕ್ಕಳನ್ನು ಎತ್ತಿ ಆಡಿಸಿದರು. ಕೊನೆಗೆ ಪಾಯಿಖಾನೆಗೆ ಹೋಗಿ ಬರುವುದೂ ಕಷ್ಟವಾದಾಗ ನಮ್ಮವರು ಉಮರ್ಗಾದ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕೀಲು ಪೂರ್ತಿ ಸವೆದಿದೆ, ಬದಲಿಸಬೇಕು ಎಂದರು. ನಮ್ಮ ಕಡೆ ಸೊಂಟದ ಕೀಲಿಗೆ ಖುಬಾ ಎನ್ನುತ್ತಾರೆ. 'ಈ ಮುದಿಕಿಗಿ ಹೊಸ ಖುಬಾ ಹಾಕ್ಸಿ ಏನ್ ಕುಣಸ್ತೀರೇನ್ರಪ್ಪಾ?' ಎಂದು ಅತ್ತೆ ನಕ್ಕರು.

ಆಪರೇಶನ್ನಿನ ದಿನ ನಾನು ಮೊದಲ ಸಲ ನರದ ಇಂಜೆಕ್ಷನ್ನಿನ ಮಾತು ಕೇಳಿದೆ. ಭೂಲ್ ಕೊಡುವ ಡಾಕ್ಟರು, ಅಂದರೆ ಅರಿವಳಿಕೆಯವರು, ಒಳ್ಳೆಯ ಸಮಾಧಾನದ ಮನುಷ್ಯ. ನಮ್ಮನ್ನು ಕೂರಿಸಿಕೊಂಡು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಆಪರೇಶನ್ನಿಗೆ ಬೆನ್ನಿಗೆ ಕೊಡುವ ಭೂಲ್ ಸಂಜೆಯೊಳಗೆ ಇಳಿದುಹೋಗುತ್ತದೆ, ನಿಜವಾದ ನೋವು ಶುರುವಾಗುವುದು ಆಮೇಲೆ. ಅದಕ್ಕೆ ತೊಡೆಯ ಬುಡದಲ್ಲಿ ನರದ ಪಕ್ಕಕ್ಕೆ ಕೂದಲಿನಷ್ಟು ಸಣ್ಣ ನಳಿಕೆ ಇಟ್ಟು ಎರಡು ದಿನ ಹನಿಹನಿಯಾಗಿ ಔಷಧ ಬಿಡುತ್ತಾರೆ. ನೋವು ಅಲ್ಲೇ ನಿಲ್ಲುತ್ತದೆ, ತಲೆಯ ತನಕ ಹೋಗುವುದಿಲ್ಲ. ನರ ಎಲ್ಲಿದೆ ಎಂದು ನೋಡಲು ಅವರು ಸೋನೋಗ್ರಫಿ ಯಂತ್ರ ತಂದಾಗ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. 'ಬಸುರಿದ್ದಾಗೇ ಮಾಡ್ಸಿಲ್ಲ, ಈಗ ನನಗ ಸೋನೋಗ್ರಫಿ ಅಂತಾರ ನೋಡವ್ವಾ!'

ಹೋಗುವ ಮುಂಚೆ ಆ ಡಾಕ್ಟರು ನನ್ನತ್ತ ತಿರುಗಿ ಒಂದು ಮಾತು ಹೇಳಿದರು. ಅಜ್ಜಿಗೆ ನೋವಿಲ್ಲ ಎಂದರೆ ಕಾಲು ವಾಸಿಯಾಗಿದೆ ಎಂದು ತಿಳಿಯಬೇಡಿ. ಎರಡು ದಿನ ಅವರ ಕಾಲು ಅವರಿಗೇ ಏನೂ ಹೇಳುವುದಿಲ್ಲ, ನೀವೇ ಕಾಯಬೇಕು. ಚಕ್ಕಳಮಕ್ಕಳ ಹಾಕುವಂತಿಲ್ಲ, ಮುಂದಕ್ಕೆ ಬಾಗುವಂತಿಲ್ಲ, ಮೊಣಕಾಲು ಒಳಕ್ಕೆ ತಿರುಗುವಂತಿಲ್ಲ. ನಾನು ಹೂಂ ಎಂದೆ. ಎಲ್ಲವೂ ಅರ್ಥವಾಗಿತ್ತು. ಆ ದಿನ ನನಗೆ ತಿಳಿಯಲಿಲ್ಲ ಎಂದು ಹೇಳುವ ಅವಕಾಶವೂ ನನಗಿಲ್ಲ.

ಆಪರೇಶನ್ ಚೆನ್ನಾಗಿ ಆಯಿತು. ಕೊರಳಿನ ಲಿಂಗವನ್ನು ತೆಗೆಯುವುದಿಲ್ಲ ಎಂದು ಅತ್ತೆ ಹಠ ಹಿಡಿದದ್ದಕ್ಕೆ ಸಿಸ್ಟರ್ ಅದನ್ನು ಬಲಗೈಗೆ ಬ್ಯಾಂಡೇಜಿನಲ್ಲಿ ಸುತ್ತಿ ಒಳಗೆ ಕಳಿಸಿದ್ದರು. ರಾತ್ರಿ ಅತ್ತೆ ಗಾಢವಾಗಿ ನಿದ್ದೆ ಮಾಡಿದರು. ನಾನು ಕೆಳಗೆ ಚಾಪೆಯ ಮೇಲೆ ಮಲಗಿದ್ದೆ. ಬೆಳಗಾಯಿತು. ಅವರ ಮುಖ ತೊಳೆಸಿ, ಹಣೆಗೆ ವಿಭೂತಿ ಹಚ್ಚಿದೆ. ಕಾಟಿನ ತಲೆಯ ಕಡೆ ಎತ್ತಬೇಕೆಂದರೆ ಅದರ ಹಿಡಿಕೆಯನ್ನು ಬೇರೆ ವಾರ್ಡಿನವರು ಒಯ್ದಿದ್ದರು. ಅತ್ತೆ ಅದಕ್ಕೇನೂ ಗಡಿಬಿಡಿ ಮಾಡಲಿಲ್ಲ.

ಹೊರಗೆ ಚಹಾದವನು ಸ್ಟೀಲಿನ ಕ್ಯಾನು ಹಿಡಿದು ಹೋದ. ಶುಂಠಿಯ ವಾಸನೆ ಕೋಣೆಯ ತುಂಬ ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಬಂದ. ನನ್ನ ತಲೆ ಆಗಲೇ ಸಿಡಿಯತೊಡಗಿತ್ತು. ಹೊರಗೆ ಹೋಗಿ ಕುಡಿದು ಬರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬಾಗಿಲು ತೆರೆದೇ ಇತ್ತು, ಬಾಗಿಲ ಎದುರಿಗೇ ಬೆಂಚು, ಅತ್ತೆಯ ಕಣ್ಣು ಅಲ್ಲೇ. ಕದ್ದು ಕುಡಿಯುವ ಧೈರ್ಯ ಇಪ್ಪತ್ತು ವರ್ಷದಿಂದ ಇತ್ತು, ಎದುರಿಗೆ ಕುಡಿಯುವ ಧೈರ್ಯ ಒಂದು ದಿನವೂ ಇರಲಿಲ್ಲ.

'ಅತ್ತೀ, ಪೂಜಿ ಮಾಡ್ಕೋತೀರೇನ್ರಿ?' ಎಂದೆ.

'ಏನ್ ಅವಸರ ಅದವ್ವಾ? ಅಂವಾ ಬರ್ಲಿ. ಕಾಟ್ ಎತ್ತಿಸ್ಕೊಂಡು ಮಾಡ್ತೀನಿ.'

ಅಂವಾ ಎಂದರೆ ಅವರ ಮಗ, ನನ್ನ ಗಂಡ. ನಿಲಂಗಾದಿಂದ ಬುತ್ತಿ ಕಟ್ಟಿಸಿಕೊಂಡು ಬರುವವರು. 'ಅವ್ರು ಬರೋದು ಹತ್ತಕ್ಕರೀ. ಅಲ್ಲೀತನಾ ಹನಿ ನೀರಿಲ್ದ ಇರ್ತೀರೇನು? ಗುಳಿಗಿ ಬ್ಯಾರೆ ತಗೋಬೇಕು,' ಎಂದೆ. ನನ್ನ ಹಸಿವಿಗೆ ಅವರ ಗುಳಿಗೆಯ ಅಂಗಿ ತೊಡಿಸಿದೆ.

'ಡಾಕ್ಟರ್ ಕೂಡಬ್ಯಾಡ ಅಂದಾರಲ್ಲ?'

'ಕಾಲು ನೋಯ್ಲಿಕ್ಕತ್ತದೇನ್ರಿ?'

'ಇಲ್ಲ. ಕಟ್ಟಿಗಿ ಆದಂಗ ಆಗ್ಯಾದ.'

'ಮತ್ತ? ಏಳ್ರಿ, ನಾ ಹಿಡಿತೀನಿ. ಎರಡು ನಿಮಿಷದಾಗ ಏನ್ ಆಗ್ತದ?'

ಬೆನ್ನಿಗೆ ಕೈಕೊಟ್ಟು ಎಬ್ಬಿಸಿ ಕೂರಿಸಿದೆ. ಎರಡು ಕಾಲಿನ ನಡುವೆ ಇಟ್ಟಿದ್ದ ದಿಂಬನ್ನು ತೆಗೆದೆ. ಬಲಗಾಲನ್ನು ರೂಢಿಯಂತೆ ಅವರೇ ಮಡಿಚಿಕೊಂಡರು. ಎಡಗಾಲು ಅವರ ಮಾತು ಕೇಳಲಿಲ್ಲ. ಅದನ್ನು ನಾನು ನನ್ನೆರಡು ಕೈಯಿಂದ ಎತ್ತಿ ಮಡಿಚಿ, ಚಕ್ಕಳಮಕ್ಕಳ ಹಾಕಿಸಿದೆ. ಅತ್ತೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ನೀರೆರೆದು, ನಾನು ಕೊಟ್ಟ ಒಂದು ದಾಸವಾಳ ಏರಿಸಿ, ಕಣ್ಣು ಮುಚ್ಚಿದರು. ಎರಡು ನಿಮಿಷ ಎಂದವಳು ನಾನು, ಅವರು ಹದಿನೈದು ನಿಮಿಷ ತೆಗೆದುಕೊಂಡರು. ಅಷ್ಟರಲ್ಲಿ ಹೊರಗೆ ಚಹಾದವನ ಕೂಗು ಮೂರನೆಯ ಸಲ ಕೇಳಿತು. ಪೂಜೆ ಮುಗಿಯುತ್ತಲೇ ನಾನು ಗಡಬಡಿಸಿ ಅವರ ಕಾಲು ಎಳೆದೆ. ಮೊಣಕಾಲು ಒಳಕ್ಕೆ ತಿರುಗಿ ಬಲಗಾಲಿನ ಮೇಲೆ ಹಾಯಿತು. ಒಳಗೆ ಟಕ್ ಎಂದಿತು. ನನಗೂ ಕೇಳಿಸಿತು.

'ಏನೋ ಜಾರಿದಂಗ ಆತಲ್ಲವ್ವಾ,' ಎಂದರು ಅತ್ತೆ. ಕಿರುಚಲಿಲ್ಲ, ನರಳಲಿಲ್ಲ. ಹೇಗೆ ನರಳಬೇಕು? ನರಳಿಸುವ ನರಕ್ಕೆ ನಾವೇ ಬಾಯಿ ಕಟ್ಟಿದ್ದೆವು.

'ಏನೂ ಆಗಿಲ್ರಿ,' ಎಂದು ಅವರನ್ನು ಮಲಗಿಸಿದೆ. ಒಂದು ಗುಟುಕು ನೀರು ಕುಡಿಸಿದೆ. ಆಮೇಲೆ ಚಹಾದವನನ್ನು ಕೂಗಿ ಕರೆದೆ. ಒಂದು ಗ್ಲಾಸು ನಿಂತೇ ಕುಡಿದೆ. ಎರಡನೆಯದು ಕುಡಿಯುವಾಗ ಕಣ್ಣು ಅವರ ಕಾಲಿನ ಮೇಲೆ ಹೋಯಿತು. ಎಡಗಾಲು ಬಲಗಾಲಿಗಿಂತ ಗಿಡ್ಡವಾಗಿತ್ತು. ಬೆರಳುಗಳು ಒಳಕ್ಕೆ ಮುಖ ಮಾಡಿದ್ದವು.

ಸಿಸ್ಟರ್ ಓಡಿಬಂದರು, ಡಾಕ್ಟರು ಬಂದರು. ಯಾರು ಕೂರಿಸಿದರು ಎಂದು ಕೇಳಿದರು. ನಾನು ಯೋಚನೆ ಮಾಡಿ ಸುಳ್ಳು ಹೇಳಿದೆ ಎಂದಾದರೂ ಹೇಳಬಹುದಿತ್ತು, ಆದರೆ ಯೋಚನೆಯೇ ಮಾಡಲಿಲ್ಲ. ನೀರು ತರಲು ಹೋಗಿದ್ದೆ, ಬರುವಷ್ಟರಲ್ಲಿ ಅವರೇ ಎದ್ದು ಪೂಜೆಗೆ ಕೂತಿದ್ದರು ಎಂದು ಬಾಯಿ ತಾನೇ ಹೇಳಿತು. ಚಹಾದ ಗ್ಲಾಸು ಇನ್ನೂ ಕೈಯಲ್ಲಿತ್ತು. ಅತ್ತೆ ನನ್ನ ಮುಖ ನೋಡಲಿಲ್ಲ, ಆ ಗ್ಲಾಸು ನೋಡಿದರು.

'ಹೌದ್ರಿ ಡಾಕ್ಟರ್,' ಎಂದರು. 'ನಂದೇ ತಪ್ಪಾತು.'

ಡಾಕ್ಟರು ಅವರನ್ನು ಚಿಕ್ಕ ಮಗುವಿಗೆ ಬೈದಂತೆ ಬೈದರು. ದೇವರು ಎರಡು ದಿನ ಕಾಯುತ್ತಿರಲಿಲ್ಲವೇ ಅಜ್ಜಿ ಎಂದರು. ಮತ್ತೆ ಭೂಲ್ ಕೊಟ್ಟು, ಕೊಯ್ಯದೆಯೇ ಕಾಲೆಳೆದು ಕೀಲನ್ನು ಕೂರಿಸಿದರು. ಪುಣ್ಯಕ್ಕೆ ಕೂತಿತು. ಆದರೆ ಬೇಗ ನಡೆಯಬೇಕಿದ್ದ ಅತ್ತೆ ಆರು ವಾರ ಕಾಲಿನ ನಡುವೆ ದಿಂಬು ಕಟ್ಟಿಸಿಕೊಂಡು ಅಂಗಾತ ಮಲಗಿದರು. ರೋಗಿ ಮಾತು ಕೇಳುವುದಿಲ್ಲ, ಕಾಲು ಜೋಮು ಇದ್ದಾಗ ತಾನೇ ಎದ್ದು ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ ಎಂದು ಅವರ ಫೈಲಿನಲ್ಲಿ ಬರೆದರು. ಹತ್ತು ಗಂಟೆಗೆ ಬುತ್ತಿ ತಂದ ನಮ್ಮವರು ಬಾಗಿಲಲ್ಲೇ ನಿಂತು ಕೂಗಾಡಿದರು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೇಳಿಸಿಕೊಂಡರು. ನಾನು ಬುತ್ತಿ ಬಿಚ್ಚಿದೆ.

ಮುಂದಿನ ನಾಲ್ಕು ವರ್ಷ ಅದು ನಮ್ಮ ಮನೆತನದ ನಗೆಯ ಕತೆಯಾಯಿತು. ಮದುವೆ ಮುಂಜಿಗಳಲ್ಲಿ ನಾಲ್ಕು ಜನ ಕೂತರೆ ಸಾಕು, ಯಾರಾದರೂ ಅತ್ತೆಯನ್ನು ಕೆಣಕುವವರೇ. 'ಆಯಿ, ಡಾಕ್ಟರಿಗೇ ಟೋಪಿ ಹಾಕಿದ್ದಿ ನೋಡು!' ಅತ್ತೆ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ನನ್ನ ನಗು ನೆನೆದರೆ ಈಗಲೂ ಮೈಮೇಲೆ ಮುಳ್ಳು ಏಳುತ್ತದೆ. ಆಗೆಲ್ಲ ಅತ್ತೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಪೂಜೆ ಮಾಡುತ್ತಿದ್ದರು. ನಾನು ಅವರಿಗೆ ಸ್ನಾನ ಮಾಡಿಸುತ್ತಿದ್ದೆ, ಕಾಲು ಒತ್ತುತ್ತಿದ್ದೆ, ಬಿಸಿ ರೊಟ್ಟಿ ಕೈಗೇ ಕೊಡುತ್ತಿದ್ದೆ. ಸೊಸೆ ಎಂದರೆ ಹೀಗಿರಬೇಕು ಎಂದು ಓಣಿಯ ಹೆಂಗಸರು ಹೊಗಳುವಾಗ ಎಲ್ಲಿಗಾದರೂ ಓಡಿಹೋಗಬೇಕು ಅನ್ನಿಸುತ್ತಿತ್ತು. ಅತ್ತೆ ಮಾತ್ರ ಒಂದು ದಿನವೂ ಆ ಬೆಳಗಿನ ಮಾತು ಎತ್ತಲಿಲ್ಲ. ಒಂದು ಸಲ ಬೈದಿದ್ದರೆ ನಾನೂ ತಿರುಗಿ ಬೈದು, ಅತ್ತು, ಮುಗಿಸಿಬಿಡುತ್ತಿದ್ದೆ.

ಒಂದು ಶಿಕ್ಷೆ ನನಗೆ ನಾನೇ ಹಾಕಿಕೊಂಡಿದ್ದೆ. ಒಲೆಯ ಮುಂದಿನ ಕಳ್ಳ ಚಹಾ ಬಿಟ್ಟಿದ್ದೆ. ತಲೆ ಸಿಡಿದರೂ ಪೂಜೆ ಮುಗಿಯುವ ತನಕ ಕಾಯುತ್ತಿದ್ದೆ. ಅದರಿಂದ ಯಾರಿಗೇನು ಲಾಭ, ಗೊತ್ತಿಲ್ಲ.

ಎಡಗಾಲು ಕುಂಟುತ್ತಿದ್ದ ಇಪ್ಪತ್ತು ವರ್ಷದ ಭಾರವನ್ನೆಲ್ಲ ಬಲಗಾಲು ಹೊತ್ತಿತ್ತಲ್ಲ, ಆ ಕಡೆಯ ಕೀಲೂ ಸವೆಯಿತು. ಈ ಸಲ ಉದಗೀರಕ್ಕೆ ಹೋದೆವು. ನನ್ನ ನಾದಿನಿಯ ಮನೆ ಅಲ್ಲೇ ಇದೆ, ಊಟಕ್ಕೆ ಅನುಕೂಲ ಎಂದು. ಆಪರೇಶನ್ನಿನ ಬೆಳಿಗ್ಗೆ ಭೂಲ್ ಕೊಡುವ ಡಾಕ್ಟರು ಬಂದರು. ಈ ಸಲ ಹೆಣ್ಣುಮಗಳು, ಮಾತು ಕಡಿಮೆ. ಹಳೆಯ ಫೈಲು ತಿರುವುತ್ತ ಒಂದು ಪುಟದಲ್ಲಿ ನಿಂತರು. ಉಮರ್ಗಾದಲ್ಲಿ ಬರೆದ ಪುಟ ಅದು.

ಈ ಸಲ ನರದ ಇಂಜೆಕ್ಷನ್ ಬೇಡ ಎಂದರು. ಜೋಮು ಹಿಡಿದ ಕಾಲು ನೋಯುವುದಿಲ್ಲ ಅಂತ ಅಜ್ಜಿ ಮತ್ತೆ ಎದ್ದು ಕೂತರೆ ಕಷ್ಟ, ಸ್ವಲ್ಪ ನೋವಿದ್ದರೆ ಹುಷಾರಾಗಿ ಮಲಗುತ್ತಾರೆ, ನೋವಿಗೆ ಸಲೈನಿನಲ್ಲಿ ಔಷಧ ಬಿಡೋಣ, ಆದರೆ ಇವರ ಕಿಡ್ನಿ ಅಷ್ಟು ಚೆನ್ನಾಗಿಲ್ಲ, ಹೆಚ್ಚು ಕೊಡಲು ಬರುವುದಿಲ್ಲ ಎಂದರು. ನಮ್ಮವರು ಕೂಡಲೇ, ಸರಿ ಡಾಕ್ಟರ್, ನಮ್ಮ ತಾಯಿ ಯಾರ ಮಾತೂ ಕೇಳುವವಳಲ್ಲ ಎಂದು ಮರಾಠಿಯಲ್ಲಿ ಒಪ್ಪಿಬಿಟ್ಟರು.

ಅತ್ತೆ ಟ್ರಾಲಿಯ ಮೇಲೆ ಮಲಗಿದ್ದರು. 'ಹೌದವ್ವಾ, ನನ್ನ ಬುದ್ಧೀನೇ ಅಂಥಾದ್ದು,' ಎಂದರು.

ಆಗಲೇ ಹೇಳಬೇಕಿತ್ತು. ಒಂದು ಮಾತು. ನಾಲಿಗೆಯ ತುದಿಗೆ ಬಂದಿತ್ತು ಎಂದು ಬರೆದರೆ ಅದೂ ಸುಳ್ಳೇ. ಗಂಡ ಪಕ್ಕದಲ್ಲಿದ್ದರು, ನಾದಿನಿ ಇದ್ದಳು, ಸೊಸೆ ಎಂದರೆ ಹೀಗಿರಬೇಕು ಎನ್ನಿಸಿಕೊಂಡ ಹೆಸರಿತ್ತು. ನಾನು ಟ್ರಾಲಿಯ ಮೇಲಿನ ಚಾದರ ಸರಿಮಾಡಿದೆ. ಅತ್ತೆಯನ್ನು ಒಳಗೆ ತಳ್ಳಿಕೊಂಡು ಹೋದರು.

ಮಧ್ಯಾಹ್ನ ಮೂರರ ಸುಮಾರಿಗೆ ಬೆನ್ನಿನ ಭೂಲ್ ಇಳಿಯತೊಡಗಿತು. ಮೊದಲು ಅತ್ತೆಯ ಹಣೆಯಲ್ಲಿ ಬೆವರು ಬಂತು. ಆಮೇಲೆ ಚಾದರದ ತುದಿ ಬಾಯಿಗೆ ಹೋಯಿತು. ಸಲೈನಿನ ಔಷಧಕ್ಕೆ ವಾಂತಿಯಾಯಿತು, ವಾಂತಿಗೆ ಮೈ ಅಲುಗಿ ಹೊಲಿಗೆ ಎಳೆದು ಇನ್ನಷ್ಟು ನೋವಾಯಿತು. ಭೂಕಂಪದ ಕಲ್ಲು ಬಿದ್ದಾಗಲೂ ಅಳದವರು ಎಂದು ಊರೆಲ್ಲ ಹೇಳುತ್ತಿತ್ತು. ಆ ದಿನ ಅವರ ಎರಡೂ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡಿದ್ದರು. ನನ್ನ ಕಡೆ ನೋಡಿ, 'ಅಲುಗಾಡಾಂಗಿಲ್ಲ ಹೌದಿಲ್ಲೋ? ನಾ ಅಲುಗಾಡಿಲ್ಲವ್ವಾ,' ಎಂದರು.

ಅಷ್ಟೇ. ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಹೋದೆ. ಏನಾಯಿತೋ ಎಂದು ನಮ್ಮವರೂ ಹಿಂದೆ ಬಂದರು. ಡಾಕ್ಟರಮ್ಮ ತಮ್ಮ ಕೋಣೆಯಲ್ಲಿ ಊಟದ ಡಬ್ಬಿ ಮುಚ್ಚುತ್ತಿದ್ದರು. ನಾನು ನಿಂತಲ್ಲೇ ಹೇಳಿದೆ. ಮರಾಠಿಯಲ್ಲಿ ಶುರುಮಾಡಿ, ಅರ್ಧಕ್ಕೆ ಕನ್ನಡಕ್ಕೆ ಬಂದು, ಮತ್ತೆ ಮರಾಠಿಗೆ ಹೋದೆ. ಉಮರ್ಗಾದಲ್ಲಿ ಅವರು ಎದ್ದು ಕೂರಲಿಲ್ಲ. ಬೇಡ ಎಂದರೂ ನಾನು ಕೂರಿಸಿದೆ. ಕಾಲು ಮಡಿಚಿದವಳು ನಾನು, ಎಳೆದವಳು ನಾನು. ಫೈಲಿನಲ್ಲಿ ಇರುವುದು ನನ್ನ ಸುಳ್ಳು.

ಡಾಕ್ಟರಮ್ಮ ಒಂದೇ ಪ್ರಶ್ನೆ ಕೇಳಿದರು. ಯಾಕೆ?

ನನಗೆ ಚಹಾ ಕುಡಿಯಬೇಕಿತ್ತು ಎಂದೆ.

ಹೇಳಿದ ಮೇಲೆ ಅದು ಎಷ್ಟು ಸಣ್ಣ ಮಾತು ಅನ್ನಿಸಿತು. ಅವರು ನಗಲಿಲ್ಲ, ಬೈಯಲೂ ಇಲ್ಲ. ಇದನ್ನು ಬೆಳಿಗ್ಗೆಯೇ ಹೇಳಿದ್ದರೆ ಅಜ್ಜಿ ಈ ಎರಡು ತಾಸು ಹೀಗೆ ಕಳೆಯಬೇಕಿರಲಿಲ್ಲ ಎಂದು ಎದ್ದರು. ಆ ಇಂಜೆಕ್ಷನ್ನನ್ನು ಈಗಲೂ ಕೊಡಬಹುದು ಎಂದರು. ನಮ್ಮವರು ಬಾಗಿಲಲ್ಲಿ ನಿಂತಿದ್ದರು. ನಾನು ದಾಟುವಾಗ ಪಕ್ಕಕ್ಕೆ ಸರಿದರು. ಮುಂದೆ ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ.

ಅದೇ ಸೋನೋಗ್ರಫಿ ಯಂತ್ರ ಬಂತು. ಡಾಕ್ಟರಮ್ಮ ಪರದೆಯ ಮೇಲೆ ನರ ಹುಡುಕಿ ಸೂಜಿ ಇಳಿಸಿದರು. ಕೈಯಲ್ಲಿ ಕೆಲಸ ಇರುವಾಗಲೇ, ನಿಮ್ಮ ಸೊಸೆ ಎಲ್ಲ ಹೇಳಿದರು ಅಜ್ಜಿ ಎಂದರು. ಅತ್ತೆ ಕಣ್ಣು ಮುಚ್ಚಿಕೊಂಡೇ ಇದ್ದರು. ಇಪ್ಪತ್ತು ನಿಮಿಷದಲ್ಲಿ ಅವರ ಹಲ್ಲಿನಿಂದ ಚಾದರ ಸಡಿಲವಾಯಿತು. ಆಮೇಲೆ ಮುಷ್ಟಿ ತೆರೆಯಿತು. ಲಿಂಗದ ಗುರುತು ಅಂಗೈಯಲ್ಲಿ ಕೆಂಪಗೆ ಬಿದ್ದಿತ್ತು. ಆ ಗುರುತನ್ನು ನೋಡುತ್ತ ಕೂತೆ, ಅವರು ನಿದ್ದೆ ಹೋದರು.

ಮರುದಿನ ಬೆಳಿಗ್ಗೆ ಕಾಟಿನ ತಲೆಯ ಕಡೆ ಸಿಸ್ಟರ್ ಹೇಳಿದಷ್ಟೇ ಎತ್ತಿಸಿದೆ. ಕಾಲಿನ ನಡುವೆ ದಿಂಬು ಸರಿಯಾಗಿದೆಯೋ ಎಂದು ಮೂರು ಸಲ ನೋಡಿದೆ. ತಂಬಿಗೆಯಲ್ಲಿ ನೀರು, ವಿಭೂತಿ, ಹೂವು ಎಲ್ಲ ತಂದು ಕೈಗೆ ಸಿಗುವ ಹಾಗಿಟ್ಟೆ. ಅವರ ಮುಖ ನೋಡುವ ಧೈರ್ಯ ಇರಲಿಲ್ಲ. ಅತ್ತೆ ಲಿಂಗ ತೆಗೆದುಕೊಳ್ಳಲು ಅಂಗೈ ಚಾಚಲಿಲ್ಲ. ಹೊರಗಿನ ಸಪ್ಪಳಕ್ಕೆ ಕಿವಿಗೊಟ್ಟರು.

'ಚಾದಾಂವ ಹೊಂಟಾನ. ಕರಿ,' ಎಂದರು.

'ಪೂಜಿ ಆಗ್ಲಿ ಬಿಡ್ರಿ ಅತ್ತೀ. ನಾ ಈಗ ಮೊದಲಿನಂಗ ಕುಡಿಯೋದಿಲ್ಲ.'

'ಗೊತ್ತದ. ಇಪ್ಪತ್ತು ವರ್ಷ ನೀ ಒಲಿ ಮುಂದ ಬಸ್ಯಾಗ ಸುರ್ ಅನ್ನೋ ಸಪ್ಪಳ ಕೇಳ್ಕೋತ ಪೂಜಿಗಿ ಕುಂತಾಕಿ ನಾ. ಅದು ಕೇಳಿದ ಮ್ಯಾಲೇ ಲಿಂಗ ಕೈಯಾಗ ತಗೋತಿದ್ದೆ. ನಾಕು ವರ್ಷ ಆತು, ಕೇಳಿಲ್ಲ. ಉಮರ್ಗಾದಾಗ ಒಲಿ ಇರ್ಲಿಲ್ಲ ನೋಡು. ನಿನ್ನ ಚಾ ನಂಗೇ ನೆನಪಾಗಬೇಕಿತ್ತು,' ಎಂದರು.

ನಾನು ಚಹಾದವನನ್ನು ಕರೆದೆ. ಅವರ ಎದುರಿಗೆ, ಸ್ಟೂಲಿನ ಮೇಲೆ ಕೂತು, ಒಂದೊಂದೇ ಗುಟುಕು ಕುಡಿದೆ. ಅತ್ತೆ ಒಣ ತುಟಿಯಲ್ಲಿ, ಹನಿ ನೀರಿಲ್ಲದೆ, ಗ್ಲಾಸು ತಳ ಕಾಣುವ ತನಕ ನೋಡಿದರು. ಆಮೇಲೆ ಲಿಂಗ ಇಟ್ಟುಕೊಳ್ಳಲು ಎಡಗೈ ಚಾಚಿದರು.